ವಿಮಾನದಲ್ಲಿ ಸಿಬ್ಬಂದಿ ಒರಟಾಗಿ ನಡೆದುಕೊಂಡರೆ: ಸೀಟಿನಿಂದ ಗ್ರಾಹಕರ ಆಯೋಗದವರೆಗೆ

"ಎಲ್ಲರ ಮುಂದೆ ಗದರಿಬಿಟ್ಟರು, ಏನು ಮಾಡಬಹುದು?" "ನೀರು ಕೇಳಿದ್ದಕ್ಕೆ ಮುಖ ಸಿಂಡರಿಸಿದರು, ದೂರು ಎಲ್ಲಿ ಕೊಡಬೇಕು?" "ಹತ್ತಿದ ಮೇಲೆ ಇಳಿಸಿದರು, ದುಡ್ಡು ವಾಪಸ್ ಬರುತ್ತಾ?" ಈ ಮೂರು ಪ್ರಶ್ನೆಗಳು ಒಂದಲ್ಲ ಒಂದು ರೂಪದಲ್ಲಿ ನನಗೆ ಬರುತ್ತಲೇ ಇರುತ್ತವೆ. ಕೇಳುವವರು ಸಾಮಾನ್ಯವಾಗಿ ಘಟನೆ ನಡೆದು ತಿಂಗಳು ಕಳೆದ ಮೇಲೆ ಕೇಳುತ್ತಾರೆ. ಅಷ್ಟೊತ್ತಿಗೆ ಬೋರ್ಡಿಂಗ್ ಪಾಸ್ ಕಸದ ಬುಟ್ಟಿ ಸೇರಿರುತ್ತದೆ, ಸೀಟ್ ನಂಬರ್ ಮರೆತುಹೋಗಿರುತ್ತದೆ, ಸಿಟ್ಟು ಮಾತ್ರ ಹಾಗೇ ಇರುತ್ತದೆ. ಬರೀ ಸಿಟ್ಟಿನ ಮೇಲೆ ದೂರು ನಿಲ್ಲುವುದಿಲ್ಲ.

ನಾನೇ ಒಮ್ಮೆ ಇದನ್ನು ಕಲಿತದ್ದು ಸೋತು. ವಿಮಾನ ಇಳಿಯುವ ಹೊತ್ತಿನಲ್ಲಿ ಅಮ್ಮ ಮಾತ್ರೆಗೆಂದು ಬಿಸಿನೀರು ಕೇಳಿದರು. ಬಂದ ಉತ್ತರ ಚುಚ್ಚುವಂತಿತ್ತು. ಮನೆಗೆ ಬಂದು ಮೂರು ಪುಟದ ಮೇಲ್ ಬರೆದೆ. ಅದರಲ್ಲಿ ಸಂಸ್ಕಾರ, ಸೇವೆ, ಹಿರಿಯರಿಗೆ ಗೌರವ ಎಲ್ಲ ಇತ್ತು, ಸೀಟ್ ನಂಬರ್ ಒಂದು ಇರಲಿಲ್ಲ. "ನಿಮ್ಮ ಅಭಿಪ್ರಾಯವನ್ನು ಸಂಬಂಧಪಟ್ಟ ವಿಭಾಗಕ್ಕೆ ತಿಳಿಸಿದ್ದೇವೆ" ಎಂಬ ಎರಡು ಸಾಲಿನ ಉತ್ತರದೊಂದಿಗೆ ಕಥೆ ಮುಗಿಯಿತು.

ಮೊದಲು ಒಂದು ವಿಂಗಡಣೆ: ಆದೇಶ ಬೇರೆ, ಧಾಟಿ ಬೇರೆ

ಕನ್ನಡದಲ್ಲಿ ಬಳಕೆಯಲ್ಲಿರುವ "ಗಗನಸಖಿ" ಎಂಬ ಪದ ಚೆಂದವೇ, ಆದರೆ ಸ್ವಲ್ಪ ದಾರಿ ತಪ್ಪಿಸುತ್ತದೆ. ಕ್ಯಾಬಿನ್ ಕ್ರೂ, ಅಂದರೆ ಪ್ರಯಾಣಿಕರು ಕೂರುವ ಭಾಗದ ಸಿಬ್ಬಂದಿ, ವಿಮಾನದಲ್ಲಿರುವುದು ಮುಖ್ಯವಾಗಿ ಸುರಕ್ಷತೆಗಾಗಿ. ಚಹಾ, ಸ್ಯಾಂಡ್‌ವಿಚ್ ಎಲ್ಲ ಆಮೇಲಿನ ಕೆಲಸ. 50 ಸೀಟಿಗೆ ಒಬ್ಬರಂತೆ ಕ್ರೂ ಇರಬೇಕೆಂಬುದು ನಿಯಮ. ಹಾಗಾಗಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಚಿಕ್ಕ ಎಟಿಆರ್ ವಿಮಾನದಲ್ಲಿ ಸಾಮಾನ್ಯವಾಗಿ ಇಬ್ಬರು, 180 ಸೀಟಿನ ಏರ್‌ಬಸ್ 320ರಲ್ಲಿ ನಾಲ್ವರು ಇರುತ್ತಾರೆ. ಅಪಘಾತವಾದರೆ ಎಲ್ಲರನ್ನೂ 90 ಸೆಕೆಂಡಿನಲ್ಲಿ ಹೊರಗೆ ಕಳಿಸಲು ಸಾಧ್ಯವಾಗುವಂತೆ ವಿಮಾನದ ವಿನ್ಯಾಸ ಇರಬೇಕು, ಕ್ರೂ ತರಬೇತಿಯೂ ಅದಕ್ಕೆ ತಕ್ಕಂತೆ.

ಬೆಲ್ಟ್ ಹಾಕಿ, ಸೀಟ್ ನೆಟ್ಟಗೆ ಮಾಡಿ, ಕಿಟಕಿಯ ಪರದೆ ಮೇಲೆತ್ತಿ, ಬ್ಯಾಗ್ ಮುಂದಿನ ಸೀಟಿನ ಕೆಳಗೆ ತಳ್ಳಿ, ಫೋನ್ ಫ್ಲೈಟ್ ಮೋಡ್‌ಗೆ ಹಾಕಿ: ಇವೆಲ್ಲ ಆದೇಶಗಳು. ಇವುಗಳಲ್ಲಿ ಚೌಕಾಸಿ ಇಲ್ಲ. ಕಿಟಕಿಯ ಪರದೆ ಎತ್ತಿಸುವುದು ಹೊರಗೆ ಬೆಂಕಿ, ಹೊಗೆ ಇದೆಯೇ ಎಂದು ಕಾಣಲಿ ಎಂದೇ ಹೊರತು ನಿಮ್ಮ ನಿದ್ದೆ ಕೆಡಿಸಲು ಅಲ್ಲ. ಆದರೆ ಅದೇ ಆದೇಶವನ್ನು "ಒಂದು ಸಲ ಹೇಳಿದರೆ ಅರ್ಥ ಆಗಲ್ವಾ?" ಎಂದು ಹೇಳಿದರೆ, ಅದು ಧಾಟಿ. ದೂರು ಕೊಡಬೇಕಾದ್ದು ಧಾಟಿಯ ಮೇಲೆ. ಇವೆರಡನ್ನೂ ಕಲಸಿ ಬರೆದರೆ ಕಂಪನಿ ಆದೇಶದ ಭಾಗವನ್ನಷ್ಟೇ ಎತ್ತಿಕೊಂಡು "ನಮ್ಮ ಸಿಬ್ಬಂದಿ ಸುರಕ್ಷತಾ ನಿಯಮ ಪಾಲಿಸಿದ್ದಾರೆ" ಎಂದು ಕೈತೊಳೆದುಕೊಳ್ಳುತ್ತದೆ.

ಎರಡೂ ಒಂದರೊಳಗೊಂದು ಸಿಕ್ಕಿಕೊಂಡ ಪ್ರಸಂಗವೂ ಉಂಟು. 2022ರ ಸೆಪ್ಟೆಂಬರ್‌ನಲ್ಲಿ ವಿಜಯವಾಡದಿಂದ ಹೈದರಾಬಾದಿಗೆ ಹೊರಟ ಇಂಡಿಗೋ ವಿಮಾನದಲ್ಲಿ ತೆಲುಗು ಮಾತ್ರ ಬಲ್ಲ ಮಹಿಳೆಯೊಬ್ಬರನ್ನು ತುರ್ತು ಬಾಗಿಲಿನ ಸಾಲಿನಿಂದ ಎಬ್ಬಿಸಿ ಬೇರೆ ಸೀಟಿಗೆ ಕಳಿಸಿದರು. ಆ ಸಾಲಿನಲ್ಲಿ ಕೂತವರಿಗೆ ಕ್ರೂ ಹೇಳುವ ಸೂಚನೆ ಅರ್ಥವಾಗಲೇಬೇಕು, ಅದು ಸುರಕ್ಷತೆಯ ಮಾತು. ಆಂಧ್ರದಿಂದ ತೆಲಂಗಾಣಕ್ಕೆ ಹೋಗುವ ವಿಮಾನದಲ್ಲಿ ಆ ಸೂಚನೆಯನ್ನು ತೆಲುಗಿನಲ್ಲಿ ಹೇಳಬಲ್ಲವರು ಏಕಿರಲಿಲ್ಲ ಎಂಬುದು ದೂರಿನ ಮಾತು. ನಮ್ಮ ಕಲಬುರಗಿ, ಬೀದರ್ ಕಡೆಯ ಹಿರಿಯರಿಗೂ ಇದೇ ಆಗಬಹುದು. ಇಂಗ್ಲಿಷ್, ಹಿಂದಿ ಎರಡೂ ಬಾರದವರಿಗೆ ಟಿಕೆಟ್ ಮಾಡಿಸುವಾಗ, ಕಾಲು ಚಾಚಲು ಜಾಗ ಜಾಸ್ತಿ ಎಂದು ಆ ಸಾಲನ್ನು ಕೊಡಿಸಬೇಡಿ. ಜಗಳ ಹುಟ್ಟುವ ಮೊದಲೇ ತಪ್ಪುತ್ತದೆ.

ಕೈಯಲ್ಲಿ ಇರಬೇಕಾದ್ದು

ಬೋರ್ಡಿಂಗ್ ಪಾಸ್ ಮತ್ತು ಪಿಎನ್‌ಆರ್. ಪಿಎನ್‌ಆರ್ ಅಂದರೆ ಟಿಕೆಟಿನ ಮೇಲಿರುವ ಆರು ಅಕ್ಷರ-ಅಂಕಿಗಳ ಬುಕಿಂಗ್ ಗುರುತು. ಡಿಜಿಯಾತ್ರಾ ಬಳಸಿ ಮುಖ ತೋರಿಸಿ ಒಳಗೆ ಹೋಗುವವರ ಬಳಿ ಕಾಗದದ ಪಾಸ್ ಇರುವುದಿಲ್ಲ, ಅವರು ಫೋನಿನಲ್ಲಿರುವ ಪಾಸಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಬೇಕು. ಗಾಲಿಕುರ್ಚಿ, ವಿಶೇಷ ಊಟ, ವೈದ್ಯಕೀಯ ನೆರವು ಏನಾದರೂ ಮೊದಲೇ ಕೇಳಿದ್ದರೆ ಅದನ್ನು ಖಚಿತಪಡಿಸಿದ ಮೇಲ್ ಬಹಳ ಮುಖ್ಯ. ಗಾಲಿಕುರ್ಚಿಯನ್ನು ಪ್ರಯಾಣಕ್ಕೆ 48 ಗಂಟೆ ಮುಂಚೆಯೇ ಕೇಳಿ, ಆ ಕೋರಿಕೆ ಟಿಕೆಟಿನಲ್ಲಿ ನಮೂದಾಗಿದೆಯೇ ಎಂದು ನೋಡಿಕೊಳ್ಳಿ. ಏಜೆಂಟ್ ಅಥವಾ ಯಾವುದೋ ಆ್ಯಪ್ ಮೂಲಕ ಟಿಕೆಟ್ ಮಾಡಿಸಿದ್ದರೂ ಸಿಬ್ಬಂದಿಯ ನಡವಳಿಕೆಯ ದೂರು ಹೋಗಬೇಕಾದ್ದು ವಿಮಾನ ಕಂಪನಿಗೆ, ಏಜೆಂಟನಿಗಲ್ಲ.

ಹಂತ 1: ಸೀಟಿನಲ್ಲೇ, ಆ ಕ್ಷಣಕ್ಕೆ

ಆದೇಶವಾದರೆ ಮೊದಲು ಪಾಲಿಸಿ, ಮಾತು ಆಮೇಲೆ. ಬ್ಯಾಗನ್ನು ಸೀಟಿನ ಕೆಳಗೆ ತಳ್ಳಿ, ನಂತರ ತಗ್ಗಿದ ದನಿಯಲ್ಲಿ ಹೇಳಿ: "ನೀವು ಹೇಳಿದ್ದು ಮಾಡಿದ್ದೇನೆ. ಹೇಳಿದ ರೀತಿ ಸರಿಯಿರಲಿಲ್ಲ. ನಿಮ್ಮ ಹೆಸರು ತಿಳಿಸುತ್ತೀರಾ?" ಇಷ್ಟೇ ಸಾಕು. ಹೆಸರಿನ ಬ್ಯಾಡ್ಜ್ ಇದ್ದರೆ ಕೇಳುವ ಅಗತ್ಯವೂ ಇಲ್ಲ.

ಇಲ್ಲಿ ನಮ್ಮವರು ಎಡವುವ ಜಾಗಗಳು ಹಲವು. ಒಂದು ಭಾಷೆಯದು. ಹಿಂದಿ ಅರೆಬರೆ ಬರುವವರು "ನೀವು" ಎನ್ನಬೇಕಾದ ಕಡೆ "ತುಮ್" ಎಂದುಬಿಡುತ್ತಾರೆ. ನಮ್ಮ ಮನಸ್ಸಿನಲ್ಲಿ ಅದು ಬಹುವಚನ, ಕೇಳುವವರ ಕಿವಿಯಲ್ಲಿ ಏಕವಚನ. "ತುಮ್ ಕ್ಯೂಂ ಐಸಾ ಬೋಲಾ" ಎಂದರೆ ಅಲ್ಲಿಗೆ ಮಾತು ಕೆಟ್ಟ ಹಾಗೆ. ಹಿಂದಿ ಗಟ್ಟಿಯಿಲ್ಲದಿದ್ದರೆ ಹರಕು ಇಂಗ್ಲಿಷೇ ವಾಸಿ. ಬೆಂಗಳೂರು, ಮಂಗಳೂರು ವಿಮಾನವಾದರೆ "ಕನ್ನಡ ಬಲ್ಲವರು ಯಾರಾದರೂ ಇದ್ದಾರಾ?" ಎಂದು ಕೇಳಿ, ಹಲವು ಸಲ ಇರುತ್ತಾರೆ.

ಇನ್ನೊಂದು ಕೈಯದು. ಗಮನ ಸೆಳೆಯಲು ತೋಳು ಮುಟ್ಟುವುದು, ಬಟ್ಟೆ ಎಳೆಯುವುದು ಬೇಡವೇ ಬೇಡ. ಬಸ್ಸಿನಲ್ಲಿ ಕಂಡಕ್ಟರನ್ನು ಹಾಗೆ ಕರೆದು ರೂಢಿಯಾದ ಕೈ ತಾನಾಗಿ ಮುಂದೆ ಹೋಗುತ್ತದೆ. ವಿಮಾನದಲ್ಲಿ ಅದು ಮೈಮುಟ್ಟಿದ ಅಪರಾಧವಾಗಿ ವರದಿಗೆ ಹೋಗಬಹುದು. ತಲೆಯ ಮೇಲಿರುವ ಗುಂಡಿ ಒತ್ತಿ. ಏರುವಾಗ, ಇಳಿಯುವಾಗ ಒತ್ತಿದರೆ ಯಾರೂ ಬರುವುದಿಲ್ಲ, ಅದನ್ನು ಉಡಾಫೆ ಎಂದುಕೊಳ್ಳಬೇಡಿ. ಸುಮಾರು 10,000 ಅಡಿ ದಾಟುವವರೆಗೆ ಅವರೂ ಬೆಲ್ಟ್ ಕಟ್ಟಿ ಕೂತಿರಬೇಕಾದ ಹೊತ್ತು ಅದು. ನನ್ನ ಅಮ್ಮ ಬಿಸಿನೀರು ಕೇಳಿದ್ದೂ ಅಂಥ ಹೊತ್ತಿನಲ್ಲೇ. ಕೊಡಲಾಗುವುದಿಲ್ಲ ಎಂದದ್ದು ಸರಿ, ಅದನ್ನು ಹೇಳಿದ ಬಗೆ ತಪ್ಪು. ಆಗ ನನಗೆ ಈ ವ್ಯತ್ಯಾಸ ತಿಳಿದಿರಲಿಲ್ಲ.

"ನಾನು ಯಾರು ಗೊತ್ತಾ?" ಎಂಬ ಮಾತು, ಗ್ಯಾಲಿಯೊಳಗೆ, ಅಂದರೆ ಕ್ರೂ ಊಟ-ತಿಂಡಿ ಸಿದ್ಧ ಮಾಡುವ ಮೂಲೆಗೆ, ಬೆನ್ನಟ್ಟಿ ಹೋಗುವುದು, ಬಾಂಬು-ಗೀಂಬು ಎಂದು ತಮಾಷೆ ಮಾಡುವುದು: ಈ ಮೂರರಲ್ಲಿ ಯಾವುದು ಮಾಡಿದರೂ ಅಲ್ಲಿಂದ ಮುಂದೆ ನೀವು ದೂರುದಾರರಲ್ಲ, ಆರೋಪಿ. ಮೂರನೆಯದಕ್ಕಂತೂ ನೇರ ಪೊಲೀಸ್ ಠಾಣೆ.

ಹಂತ 2: ಲೀಡ್ ಅವರನ್ನು ಕೇಳಿ

ಪ್ರತಿ ವಿಮಾನದಲ್ಲೂ ಕ್ರೂಗೆ ಒಬ್ಬ ಮುಖ್ಯಸ್ಥರು ಇರುತ್ತಾರೆ. ಲೀಡ್, ಇನ್‌ಚಾರ್ಜ್, ಪರ್ಸರ್ ಎಂದು ಕಂಪನಿಗೊಂದು ಹೆಸರು. ಗಾಡಿ ತಳ್ಳಿಕೊಂಡು ತಿಂಡಿ ಕೊಡುವುದು ಮುಗಿದ ಮೇಲೆ ಅವರನ್ನು ಕರೆಯಿರಿ. ಮಾತು ಎರಡು ವಾಕ್ಯದಲ್ಲಿ ಮುಗಿಯಲಿ: ಏನಾಯಿತು, ನಿಮಗೆ ಈಗ ಏನು ಬೇಕು. "ಇನ್ನು ಮುಂದೆ ಬೇರೆಯವರು ನಮ್ಮ ಸಾಲಿಗೆ ಬರಲಿ" ಎಂಬುದು ನ್ಯಾಯವಾದ ಬೇಡಿಕೆ, ಸಾಮಾನ್ಯವಾಗಿ ಒಪ್ಪುತ್ತಾರೆ. "ಅವರು ಇಲ್ಲೇ, ಎಲ್ಲರ ಮುಂದೆ ಕ್ಷಮೆ ಕೇಳಬೇಕು" ಎಂಬುದು ನಡೆಯುವುದಿಲ್ಲ. ಹಟ ಹಿಡಿದಷ್ಟೂ ನಿಮ್ಮ ಮೇಲೇ ವರದಿಯಾಗುವ ಸಂಭವ ಹೆಚ್ಚು. ಇಳಿದ ಮೇಲೆ ಕೊಡುವ ವರದಿಯಲ್ಲಿ ಈ ವಿಷಯ ನಮೂದಿಸಿ ಎಂದು ಲೀಡ್‌ಗೆ ಹೇಳಿ. ಮುಂದೆ ನೀವು ದೂರು ಬರೆಯುವಾಗ "ಲೀಡ್‌ಗೆ ಅಲ್ಲೇ ತಿಳಿಸಿದ್ದೆ" ಎಂಬ ಒಂದು ಸಾಲು ಪತ್ರದ ತೂಕ ಹೆಚ್ಚಿಸುತ್ತದೆ.

ತೊಂದರೆ ಕೊಟ್ಟವರು ಸಹಪ್ರಯಾಣಿಕರಾಗಿದ್ದು, ಕ್ರೂ ಕೈಕಟ್ಟಿ ನಿಂತರೆ ಅದೂ ಕ್ರೂ ಮೇಲಿನ ದೂರೇ. 2022ರ ನವೆಂಬರ್ 26ರಂದು ನ್ಯೂಯಾರ್ಕ್‌ನಿಂದ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದಲ್ಲಿ ಕುಡಿದವನೊಬ್ಬ ವೃದ್ಧೆಯ ಮೇಲೆ ಮೂತ್ರ ಮಾಡಿದ ಪ್ರಕರಣ ನೆನಪಿರಬಹುದು. ಆತನ ಮುಖ ನೋಡಲು ಇಷ್ಟವಿಲ್ಲ ಎಂದರೂ ಕ್ರೂ ಅವನನ್ನು ತಮ್ಮೆದುರು ತಂದು ಕೂರಿಸಿದರು ಎಂಬುದು ಆಕೆಯ ದೂರಿನ ಒಂದು ಭಾಗ. ಮರುದಿನವೇ ಆಕೆ ಕಂಪನಿಗೆ ಪತ್ರ ಬರೆದರು. ಸುದ್ದಿ ಹೊರಬಿದ್ದ ಮೇಲೆ 2023ರ ಜನವರಿಯಲ್ಲಿ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು, ಪೈಲಟ್‌ನ ಲೈಸೆನ್ಸನ್ನು ಮೂರು ತಿಂಗಳು ಅಮಾನತು ಮಾಡಿತು. ಇಂಥ ಘಟನೆಯನ್ನು ಕಂಪನಿ ವಿಮಾನ ಇಳಿದ 12 ಗಂಟೆಯೊಳಗೆ ಡಿಜಿಸಿಎಗೆ ವರದಿ ಮಾಡಬೇಕಿತ್ತು, ಮಾಡಿರಲಿಲ್ಲ. ಆದ್ದರಿಂದ ಲೀಡ್ "ನೀವಿಬ್ಬರೂ ಮಾತಾಡಿ ಬಗೆಹರಿಸಿಕೊಳ್ಳಿ" ಎಂದರೆ "ಬೇಡ, ಪೈಲಟ್‌ಗೆ ತಿಳಿಸಿ, ವರದಿ ಮಾಡಿ" ಎಂದು ಸ್ಪಷ್ಟವಾಗಿ ಹೇಳಿ.

ಹಂತ 3: ಹತ್ತು ನಿಮಿಷದೊಳಗೆ ಬರೆದಿಡಿ

ಇಡೀ ಲೇಖನದಲ್ಲಿ ಒಂದೇ ಹಂತ ಪಾಲಿಸುವುದಾದರೆ ಇದನ್ನು ಪಾಲಿಸಿ. ಫೋನಿನ ನೋಟ್ಸ್‌ನಲ್ಲಿ ವಿಮಾನದ ಸಂಖ್ಯೆ, ದಿನಾಂಕ, ಗಂಟೆ, ನಿಮ್ಮ ಸೀಟ್, ಕ್ರೂ ಹೆಸರು ಬರೆಯಿರಿ. ಹೆಸರು ಸಿಗದಿದ್ದರೆ ಹಿಂದಿನ ಬಾಗಿಲಿನವರೋ ಮುಂದಿನವರೋ ಎಂಬುದಾದರೂ ಇರಲಿ. ಅವರು ಆಡಿದ ಮಾತನ್ನು ಆಡಿದ ಭಾಷೆಯಲ್ಲೇ ಬರೆಯಿರಿ, ನೀವು ಆಡಿದ್ದನ್ನೂ ಬರೆಯಿರಿ, ನಿಮ್ಮ ಕಡೆಯಿಂದ ಜಾರಿದ ಮಾತಿದ್ದರೆ ಅದೂ ಇರಲಿ. ನಂತರ ಅದನ್ನು ತಿದ್ದದೆ, ಇಳಿದ ಕೂಡಲೇ ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ. ಮೇಲ್‌ನಲ್ಲಿ ಬೀಳುವ ಸಮಯವೇ ಮುಂದೆ ನಿಮ್ಮ ಪರ ಮಾತಾಡುತ್ತದೆ.

"ಸಿಸಿಟಿವಿ ಇರುತ್ತಲ್ಲ" ಎಂದು ಬಹಳ ಜನ ನಿಶ್ಚಿಂತರಾಗಿರುತ್ತಾರೆ. ನಾವು ಹತ್ತುವ ಬಹುಪಾಲು ವಿಮಾನಗಳಲ್ಲಿ ಪ್ರಯಾಣಿಕರ ಕಡೆ ಕ್ಯಾಮೆರಾ ಇರುವುದಿಲ್ಲ. ಬ್ಲ್ಯಾಕ್ ಬಾಕ್ಸ್ ಎಂದು ಕರೆಯುವ ಪೆಟ್ಟಿಗೆ ದಾಖಲಿಸುವುದು ಕಾಕ್‌ಪಿಟ್‌ನ ಮಾತು ಮತ್ತು ಯಂತ್ರದ ವಿವರ, 14ಸಿ ಸೀಟಿನ ಜಗಳವನ್ನಲ್ಲ. ನಿಲ್ದಾಣದ ಗೇಟಿನಲ್ಲಿ, ವಿಮಾನದ ಬಾಗಿಲಿಗೆ ಜೋಡಿಸುವ ಏರೋಬ್ರಿಡ್ಜ್ ಬಾಯಲ್ಲಿ ಕ್ಯಾಮೆರಾ ಇರುತ್ತದೆ. ಘಟನೆ ಅಲ್ಲಿ ನಡೆದಿದ್ದರೆ ಆ ದೃಶ್ಯ ಉಳಿಸಿಡಿ ಎಂದು ಅಂದೇ ಲಿಖಿತವಾಗಿ ಕೇಳಬೇಕು, ಹಳೆಯ ದೃಶ್ಯ ಅಳಿಸಿಹೋಗುತ್ತದೆ. ವಿಮಾನದೊಳಗಿನ ಘಟನೆಗೆ ನಿಜವಾದ ಸಾಕ್ಷಿ ಪಕ್ಕದ ಸೀಟಿನವರು. ಅವರ ಹೆಸರು, ಫೋನ್ ನಂಬರ್ ಅಲ್ಲೇ ಕೇಳಿ ಪಡೆಯಿರಿ. ಬ್ಯಾಗ್ ಬರುವ ಬೆಲ್ಟಿನ ಹತ್ತಿರ ಹುಡುಕುತ್ತೇನೆ ಎಂದುಕೊಂಡರೆ ಅವರಾಗಲೇ ಕ್ಯಾಬ್ ಹತ್ತಿ ಹೋಗಿರುತ್ತಾರೆ.

ಇನ್ನು ವಿಡಿಯೋ. ಭಾರತದೊಳಗಿನ ವಿಮಾನದಲ್ಲಿ ಪ್ರಯಾಣಿಕರು ಫೋಟೊ, ವಿಡಿಯೋ ತೆಗೆಯಬಹುದು, ಆದರೆ ಗದ್ದಲಕ್ಕೆ ಕಾರಣವಾಗುವ, ಸುರಕ್ಷತೆಗೆ ಅಡ್ಡಿಯಾಗುವ ರೀತಿಯಲ್ಲಲ್ಲ, ಕ್ರೂ ಬೇಡವೆಂದ ಮೇಲೆಯೂ ಅಲ್ಲ ಎಂದು 2020ರ ಸೆಪ್ಟೆಂಬರ್‌ನಲ್ಲಿ ಡಿಜಿಸಿಎ ಸ್ಪಷ್ಟಪಡಿಸಿತು. ಅಂದರೆ ಕ್ರೂ "ನಿಲ್ಲಿಸಿ" ಎಂದರೆ ನಿಲ್ಲಿಸಬೇಕು. ನಿಲ್ಲಿಸಿದ್ದನ್ನು ನೋಟ್ಸ್‌ನಲ್ಲಿ ಬರೆದುಕೊಳ್ಳಿ. ಪುಣೆ, ಗೋವಾದ ಡಾಬೋಲಿಂನಂಥ ಸೇನೆಯ ವಿಮಾನ ನಿಲ್ದಾಣಗಳಲ್ಲಿ ಕ್ಯಾಮೆರಾ ಹೊರತೆಗೆಯಲೇಬೇಡಿ.

ವಿಡಿಯೋ ಯಾರ ಪರವಾಗುತ್ತದೆ ಎಂಬುದೂ ನಮ್ಮ ಕೈಯಲ್ಲಿಲ್ಲ. 2022ರ ಡಿಸೆಂಬರ್‌ನಲ್ಲಿ ಇಸ್ತಾಂಬುಲ್–ದೆಹಲಿ ಇಂಡಿಗೋ ವಿಮಾನದಲ್ಲಿ ಊಟದ ವಿಷಯಕ್ಕೆ ಪ್ರಯಾಣಿಕ ಮತ್ತು ಗಗನಸಖಿ ನಡುವೆ ಮಾತು ಬೆಳೆಯಿತು. "ನಾನು ನೌಕರಳು, ನಿಮ್ಮ ಸೇವಕಿಯಲ್ಲ" ಎಂದು ಆಕೆ ಹೇಳಿದ ತುಣುಕು ಎಲ್ಲೆಡೆ ಹರಿದಾಡಿತು. ನೋಡಿದವರಲ್ಲಿ ಬಹಳ ಮಂದಿ ನಿಂತದ್ದು ಆಕೆಯ ಪರ. ವಿಡಿಯೋ ಇದ್ದರೆ ಮೂಲ ಫೈಲನ್ನು ಕತ್ತರಿಸದೆ ಇಟ್ಟುಕೊಳ್ಳಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಆತುರ ಬೇಡ. ಕತ್ತರಿಸಿದ ತುಣುಕು ಗ್ರಾಹಕರ ಆಯೋಗದ ಮುಂದೆ ನಿಮ್ಮನ್ನೇ ಸಿಕ್ಕಿಸುತ್ತದೆ.

ಹಂತ 4: ಇಳಿಸಿಬಿಟ್ಟರೆ

ಪೈಲಟ್ "ಇವರನ್ನು ಇಳಿಸಿ" ಎಂದರೆ ಇಳಿಯಲೇಬೇಕು. ತಪ್ಪು ಅವರದೇ ಇದ್ದರೂ ಆ ಹೊತ್ತಿಗೆ ಇಳಿಯಿರಿ. ಸೀಟು ಹಿಡಿದು ಕೂತರೆ ನಿಲ್ದಾಣ ಕಾಯುವ ಕೇಂದ್ರ ಭದ್ರತಾ ಪಡೆ ಸಿಐಎಸ್‌ಎಫ್ ಬರುತ್ತದೆ, ಅಲ್ಲಿಗೆ ನಿಮ್ಮ ನ್ಯಾಯವಾದ ದೂರು ಸತ್ತಂತೆ.

ಇಳಿದ ಮೇಲೆ ನಿಲ್ದಾಣದಲ್ಲಿರುವ ಆ ಕಂಪನಿಯ ಡ್ಯೂಟಿ ಮ್ಯಾನೇಜರ್ ಬಳಿ ಮೂರು ಕೇಳಿ. ಇಳಿಸಿದ ಕಾರಣ ಲಿಖಿತವಾಗಿ ಕೊಡಿ. ಟಿಕೆಟಿನಲ್ಲಿ "ನೋ ಶೋ", ಅಂದರೆ ಪ್ರಯಾಣಿಕರು ಬರಲೇ ಇಲ್ಲ, ಎಂದು ದಾಖಲಿಸಬೇಡಿ. ಬೆಲ್ಟಿಗೆ ಹಾಕಿದ ನನ್ನ ಬ್ಯಾಗ್ ಇಳಿಸಿಕೊಡಿ. ಲಿಖಿತವಾಗಿ ಕೊಡಲು ಒಪ್ಪದಿದ್ದರೆ, ಕೌಂಟರ್ ಮುಂದೆ ನಿಂತೇ ಅವರ ಗ್ರಾಹಕ ಸೇವೆಗೆ ಒಂದು ಮೇಲ್ ಹಾಕಿ: "ಇಷ್ಟು ಗಂಟೆಗೆ ನನ್ನನ್ನು ಇಳಿಸಲಾಯಿತು, ಕಾರಣ ಕೇಳಿದೆ, ಕೊಡಲಿಲ್ಲ."

ಅಂಗವೈಕಲ್ಯದ ಕಾರಣಕ್ಕೆ ಇಳಿಸಿದರೆ ಅದು ಬರೀ ಒರಟುತನವಲ್ಲ. 2012ರ ಫೆಬ್ರವರಿಯಲ್ಲಿ ಕೋಲ್ಕತ್ತದಿಂದ ಗೋವಾಕ್ಕೆ ಹೊರಟಿದ್ದ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಜೀಜಾ ಘೋಷ್ ಅವರನ್ನು ಸ್ಪೈಸ್‌ಜೆಟ್ ವಿಮಾನದಿಂದ, ಸೀಟಿನಲ್ಲಿ ಕೂತ ಮೇಲೆ, ಇಳಿಸಲಾಯಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2016ರ ಮೇ ತಿಂಗಳಲ್ಲಿ ಕೋರ್ಟ್ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮನೆಯಲ್ಲಿ ಅಂಗವಿಕಲರಿದ್ದು ವಿಮಾನ ಪ್ರಯಾಣ ಮಾಡುವವರು "ಜೀಜಾ ಘೋಷ್ ತೀರ್ಪು" ಎಂಬ ಹೆಸರನ್ನು ಫೋನಿನಲ್ಲಿ ಬರೆದಿಟ್ಟುಕೊಂಡಿರಿ. ಕೌಂಟರಿನಲ್ಲಿ ಆ ಹೆಸರು ಹೇಳಿದರೆ ಮಾತಿನ ವರಸೆ ಬದಲಾಗುತ್ತದೆ.

ಹಂತ 5: ಹಲ್ಲೆ, ಲೈಂಗಿಕ ಕಿರುಕುಳ ಆಗಿದ್ದರೆ

ಆಗ ನಿಲ್ದಾಣ ಬಿಟ್ಟು ಹೋಗಬೇಡಿ. ಮೊದಲು ಕಾಣುವ ಸಿಐಎಸ್‌ಎಫ್ ಸಿಬ್ಬಂದಿಗೆ ಹೇಳಿ, ಅವರು ಸ್ಥಳೀಯ ಪೊಲೀಸರಿಗೆ ಒಪ್ಪಿಸುತ್ತಾರೆ. ಗಾಯವಾಗಿದ್ದರೆ ನಿಲ್ದಾಣದ ವೈದ್ಯಕೀಯ ಕೊಠಡಿಯಲ್ಲಿ ತೋರಿಸಿ ಚೀಟಿ ಪಡೆಯಿರಿ. "ಘಟನೆ ಆಕಾಶದಲ್ಲಿ ನಡೆದಿದೆ, ನಮ್ಮ ವ್ಯಾಪ್ತಿಗೆ ಬರಲ್ಲ" ಎಂದು ಠಾಣೆಯಲ್ಲಿ ಹೇಳಿದರೆ ಝೀರೋ ಎಫ್‌ಐಆರ್ ಕೇಳಿ. ಯಾವ ಠಾಣೆಯಾದರೂ ದೂರು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸುವ ವ್ಯವಸ್ಥೆ ಅದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿದೆ. ಕಿರುಕುಳ ಕೊಟ್ಟವರು ಕ್ರೂ ಆಗಿದ್ದರೆ ಮಹಿಳೆಯರು ಪೊಲೀಸ್ ದೂರಿನ ಜೊತೆಗೆ ಕಂಪನಿಯ ಆಂತರಿಕ ಸಮಿತಿಗೂ ಬರೆಯಬಹುದು. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ದೂರುದಾರಳು ಅಲ್ಲಿನ ನೌಕರಳೇ ಆಗಿರಬೇಕು ಎನ್ನುವುದಿಲ್ಲ. ಮೂರು ತಿಂಗಳೊಳಗೆ ಬರೆಯಬೇಕು.

ಹಂತ 6: ಕಂಪನಿಗೆ ದೂರು

ಎರಡು ದಿನದೊಳಗೆ ಬರೆಯಿರಿ, ಆದರೆ ಅದೇ ರಾತ್ರಿ ಬೇಡ. ಒಂದು ನಿದ್ದೆ ಆಗಲಿ. ಇಂಗ್ಲಿಷಿನಲ್ಲಿ ಕಳಿಸುವುದಾದರೂ ಮೊದಲು ಕನ್ನಡದಲ್ಲಿ ಬರೆದುಕೊಂಡರೆ ಅನಗತ್ಯ ಮಾತು ತಾನೇ ಉದುರುತ್ತದೆ. ಹೀಗಿರಲಿ:

"ಮಾರ್ಚ್ 12ರ ಸಂಜೆ 6.40ರ ಬೆಂಗಳೂರು–ಮುಂಬೈ ವಿಮಾನದಲ್ಲಿ 14ಸಿ ಸೀಟಿನಲ್ಲಿದ್ದೆ. ಪಿಎನ್‌ಆರ್ ಇಂಥದ್ದು. ಏರುವ ಮೊದಲು ಕೈಚೀಲವನ್ನು ಸೀಟಿನ ಕೆಳಗಿಡಲು ನಿಮ್ಮ ಸಿಬ್ಬಂದಿ ಹೇಳಿದರು, ಇಟ್ಟೆ. ನಂತರ ಅವರು 'ಓದು ಬರಹ ಬರಲ್ವಾ' ಎಂಬರ್ಥದ ಮಾತನ್ನು ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿದರು. 14ಎ, 14ಬಿಯವರು ಕೇಳಿಸಿಕೊಂಡಿದ್ದಾರೆ. 7.30ರ ಸುಮಾರಿಗೆ ಲೀಡ್‌ಗೆ ತಿಳಿಸಿದೆ. ಆ ಸಿಬ್ಬಂದಿಯ ಹೇಳಿಕೆ ಪಡೆದು, ನೀವು ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಿ."

ಇಷ್ಟೇ. ಆದೇಶ ಪಾಲಿಸಿದ್ದು ಮೊದಲು ಬಂತು, ಧಾಟಿ ಆಮೇಲೆ ಬಂತು, ಸಾಕ್ಷಿ ಇದೆ, ಬೇಡಿಕೆ ಒಂದೇ ಇದೆ. "ಕೆಲಸದಿಂದ ತೆಗೆದುಹಾಕಿ" ಎಂದು ಬರೆಯಬೇಡಿ. ಅದು ನಿಮ್ಮ ಕೈಯಲ್ಲಿಲ್ಲ, ಓದುವವರಿಗೆ ನಿಮ್ಮ ಮೇಲೇ ಅನುಮಾನ ಹುಟ್ಟುತ್ತದೆ. ನನಗನಿಸುವಂತೆ ದುಡ್ಡನ್ನೂ ಮೊದಲ ಪತ್ರದಲ್ಲಿ ಕೇಳಬಾರದು, ಇಳಿಸಿದ ಪ್ರಕರಣದಂತೆ ನಿಜವಾದ ಖರ್ಚು ಬಿದ್ದಿದ್ದರೆ ಮಾತ್ರ ರಸೀದಿ ಹಚ್ಚಿ ಕೇಳಿ.

ಗ್ರಾಹಕ ಸೇವೆಯಿಂದ ಯಾಂತ್ರಿಕ ಉತ್ತರ ಬಂದರೆ ಸುಮ್ಮನಾಗಬೇಡಿ. ಪ್ರತಿ ವಿಮಾನ ಕಂಪನಿಯೂ ನೋಡಲ್ ಅಧಿಕಾರಿ, ಅಂದರೆ ದೂರಿನ ಹೊಣೆ ಹೊತ್ತವರು, ಮತ್ತು ಅವರ ಮೇಲೆ ಮೇಲ್ಮನವಿ ಅಧಿಕಾರಿಯನ್ನು ನೇಮಿಸಬೇಕು, ವಿವರವನ್ನು ತನ್ನ ಜಾಲತಾಣದಲ್ಲಿ ಹಾಕಬೇಕು. ಪುಟದ ಕೊನೆಯಲ್ಲಿ ಎಲ್ಲೋ ಮೂಲೆಯಲ್ಲಿರುತ್ತದೆ, ಹುಡುಕಿ. ಅದೇ ಪತ್ರ, ಅದೇ ದೂರಿನ ಸಂಖ್ಯೆ, ಮೊದಲು ನೋಡಲ್, ಆಮೇಲೆ ಮೇಲ್ಮನವಿ. ಮಧ್ಯದಲ್ಲಿ ವೋಚರ್ ಕೊಡುತ್ತೇವೆ ಎಂದರೆ ಷರತ್ತು ಓದಿ. "ಇದರೊಂದಿಗೆ ದೂರು ಇತ್ಯರ್ಥ" ಎಂದಿದ್ದು ನೀವು ಒಪ್ಪಿದರೆ ಮುಂದಿನ ಬಾಗಿಲು ಬಹುತೇಕ ಮುಚ್ಚಿದಂತೆ.

ಹಂತ 7: ಏರ್‌ಸೇವಾ ಮತ್ತು 1915

ಏರ್‌ಸೇವಾ ಎಂಬುದು ನಾಗರಿಕ ವಿಮಾನಯಾನ ಸಚಿವಾಲಯ 2016ರಲ್ಲಿ ತೆರೆದ ದೂರಿನ ಜಾಲತಾಣ, ಆ್ಯಪ್ ಕೂಡ ಇದೆ. ಪಿಎನ್‌ಆರ್, ವಿಮಾನದ ಸಂಖ್ಯೆ, ದಿನಾಂಕ ತುಂಬಿ, ಕಂಪನಿಗೆ ಬರೆದ ಪತ್ರ ಮತ್ತು ಬಂದ ಉತ್ತರ ಎರಡನ್ನೂ ಹಚ್ಚಿ. ದೂರಿನ ಬಗೆ ಆರಿಸುವಾಗ ಎಚ್ಚರ: ವಿಮಾನ ತಡವಾದಾಗ ಜಗಳ ನಡೆದಿದ್ದರೆ ಜನ ವಿಳಂಬದ ಪಟ್ಟಿಗೆ ಹಾಕಿಬಿಡುತ್ತಾರೆ. ಉತ್ತರವೂ ಹವಾಮಾನದ ಬಗ್ಗೆ ಬರುತ್ತದೆ. ಸಿಬ್ಬಂದಿಯ ನಡವಳಿಕೆ ಎಂಬುದನ್ನೇ ಆರಿಸಿ. ಡಿಜಿಸಿಎ ತಿಂಗಳಿಗೊಮ್ಮೆ ಪ್ರಕಟಿಸುವ ದೂರಿನ ಲೆಕ್ಕದಲ್ಲೂ ಅದಕ್ಕೆ ಪ್ರತ್ಯೇಕ ಜಾಗವಿದೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಅದು ರಾಜಿಗೆ ಪ್ರಯತ್ನಿಸುವ ವ್ಯವಸ್ಥೆ, ತೀರ್ಪು ಕೊಡುವುದಿಲ್ಲ.

ಹಂತ 8: ಗ್ರಾಹಕರ ಆಯೋಗ

ಮಾತಿನ ಒರಟುತನವೊಂದಕ್ಕೇ ಆಯೋಗಕ್ಕೆ ಹೋಗುವುದು ನನ್ನ ಲೆಕ್ಕದಲ್ಲಿ ಶ್ರಮ ಜಾಸ್ತಿ, ಫಲ ಕಡಿಮೆ. ಇಳಿಸಿದ್ದರೆ, ಗಾಯವಾಗಿದ್ದರೆ, ಗಾಲಿಕುರ್ಚಿ ನಿರಾಕರಿಸಿದ್ದರೆ ಹೋಗಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಘಟನೆ ದೆಹಲಿಯಲ್ಲಿ ನಡೆದು ನಿಮ್ಮ ಮನೆ ದಾವಣಗೆರೆಯಲ್ಲಿದ್ದರೆ ದಾವಣಗೆರೆಯಲ್ಲೇ. ಘಟನೆಯಿಂದ ಎರಡು ವರ್ಷದೊಳಗೆ ಹಾಕಬೇಕು. ಟಿಕೆಟಿಗೆ ಕೊಟ್ಟ ಹಣ 5 ಲಕ್ಷ ದಾಟದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ಕನ್ನಡದಲ್ಲಿ ಬರೆದುಕೊಡಬಹುದು. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸುವ ದಾರಿಯೂ ಇದೆ. ವಿಡಿಯೋ, ಮೇಲ್ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಅಂದರೆ ಡಿಜಿಟಲ್ ದಾಖಲೆ ಅಸಲಿ ಎಂದು ದೃಢೀಕರಿಸುವ ಪತ್ರ, ಬೇಕಾಗುತ್ತದೆ. ಇದೊಂದಕ್ಕೆ ಪರಿಚಯದ ವಕೀಲರನ್ನು ಕೇಳಿ.

ವಿದೇಶಿ ವಿಮಾನವಾದರೆ

ಅಮೆರಿಕಕ್ಕೆ ಹೋಗುವ, ಅಲ್ಲಿಂದ ಬರುವ ವಿಮಾನವಾದರೆ ಲಿಖಿತ ದೂರಿಗೆ ಕಂಪನಿ 30 ದಿನದೊಳಗೆ ಸ್ವೀಕೃತಿ, 60 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಅಲ್ಲಿನ ಸಾರಿಗೆ ಇಲಾಖೆಯ ಜಾಲತಾಣದಲ್ಲಿ ದೂರಬಹುದು. ಅಲ್ಲಿ ಕ್ರೂ ಕೆಲಸಕ್ಕೆ ಅಡ್ಡಿಪಡಿಸುವುದು ಫೆಡರಲ್ ಅಪರಾಧ ಎಂಬುದು ನೆನಪಿರಲಿ.

ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಗಲ್ಫ್ ಓದುಗರಿಗೆ ಬೇರೆಯೇ ಒಂದು ಎಚ್ಚರಿಕೆ. ಯುಎಇಯಲ್ಲಿ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಚಿತ್ರ ತೆಗೆದು ಹಂಚುವುದು ಅಪರಾಧ. ದುಬೈ, ಅಬುಧಾಬಿ ವಿಮಾನದಲ್ಲಿ ಕ್ರೂ ವಿಡಿಯೋ ಮಾಡಿ ಅಲ್ಲೇ ಹಾಕಿದರೆ ದೂರು ಕೊಡಲು ಹೋದವರೇ ಕೇಸಿಗೆ ಸಿಕ್ಕಿಕೊಳ್ಳಬಹುದು, ವೀಸಾಕ್ಕೂ ಕುತ್ತು. ಅಲ್ಲಿ ಬರವಣಿಗೆ ಮಾತ್ರ.

ನಿಮ್ಮ ಮೇಲೇ ದೂರು ಬಂದರೆ

ಜಗಳ ನಡೆದ ವಾರದಲ್ಲಿ ಕಂಪನಿಯಿಂದ ನೋಟಿಸ್ ಬರಬಹುದು. 2017ರ ಮಾರ್ಚ್‌ನಲ್ಲಿ ಶಿವಸೇನೆಯ ಸಂಸದ ರವೀಂದ್ರ ಗಾಯಕ್ವಾಡ್ ಏರ್ ಇಂಡಿಯಾ ಸಿಬ್ಬಂದಿಗೆ ಚಪ್ಪಲಿಯಲ್ಲಿ ಹೊಡೆದ ಗಲಾಟೆಯ ನಂತರ, ಆ ವರ್ಷ ಸೆಪ್ಟೆಂಬರ್‌ನಲ್ಲಿ ಡಿಜಿಸಿಎ ಹಾರಾಟ ನಿಷೇಧದ ನಿಯಮ ತಂದಿತು. ಅದರಲ್ಲಿ ಮೂರು ಮಟ್ಟ: ಮಾತು, ಸನ್ನೆಯ ದುರ್ವರ್ತನೆಗೆ 3 ತಿಂಗಳವರೆಗೆ, ತಳ್ಳಾಟ-ಹೊಡೆತಕ್ಕೆ 6 ತಿಂಗಳವರೆಗೆ, ಜೀವಕ್ಕೆ ಅಪಾಯ ತರುವ ಕೃತ್ಯಕ್ಕೆ ಕನಿಷ್ಠ 2 ವರ್ಷ ನಿಷೇಧ. ನಿರ್ಧರಿಸುವುದು ನಿವೃತ್ತ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ, ಗಡುವು 30 ದಿನ. ನಿಷೇಧವಾದರೆ 60 ದಿನದೊಳಗೆ ಸಚಿವಾಲಯದ ಮೇಲ್ಮನವಿ ಸಮಿತಿಗೆ ಹೋಗಬಹುದು. ಇಂಥ ನಿಯಮ ತಿದ್ದುಪಡಿಯಾಗುತ್ತಿರುತ್ತದೆ, ನೋಟಿಸ್ ಬಂದ ದಿನವೇ ಡಿಜಿಸಿಎ ತಾಣದಲ್ಲಿ ಆಗ ಜಾರಿಯಲ್ಲಿರುವ ಪ್ರತಿ ತೆಗೆದು ನೋಡಿ.

ನೋಟಿಸಿಗೆ ಫೋನಿನಲ್ಲಿ ಉತ್ತರ ಕೊಡಬೇಡಿ, ಗಡುವಿನೊಳಗೆ ಬರೆದು ಕಳಿಸಿ. ಹಂತ 3ರಲ್ಲಿ ನಿಮಗೆ ನೀವೇ ಮೇಲ್ ಮಾಡಿಕೊಂಡ ಆ ನೋಟ್ಸ್ ಮತ್ತು ಪಕ್ಕದ ಸೀಟಿನವರ ಫೋನ್ ನಂಬರ್ ಈಗ ಮೊದಲು ಬೇಕಾಗುವುದು.